ಹಿತ್ತಲ ತೋಟದ ವರ್ಷ: ಮಳೆಗಾಲದಲ್ಲಿ ನೀರು ಹೊರಗೆ, ಬೇಸಿಗೆಯಲ್ಲಿ ನೀರು ಒಳಗೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಸಮುದ್ರ ಸೇರುತ್ತದೆ. ಏಪ್ರಿಲ್ ಬರುವಷ್ಟರಲ್ಲಿ ಎಷ್ಟೋ ಮನೆಗಳ ಬಾವಿ ತಳ ಕಾಣುತ್ತದೆ, ಹಿತ್ತಲಿನ ಗಿಡಗಳು ಬಾಡುತ್ತವೆ. "ಇನ್ನು ತರಕಾರಿ ಮಾಡುವುದು ಬೇಡ" ಎಂದು ಅನೇಕರು ಕೈಬಿಡುವುದು ಈ ಹೊತ್ತಿನಲ್ಲೇ. ಆದರೆ ತೋಟ ಸೋಲುವುದು ಏಪ್ರಿಲ್‌ನಲ್ಲಿ ಅಲ್ಲ, ಅಕ್ಟೋಬರ್‌ನಲ್ಲಿ ಮಾಡಬೇಕಾದ ಕೆಲಸವನ್ನು ನಾವು ಬಿಟ್ಟಾಗ. ಆದುದರಿಂದ ಯಾವ ತಿಂಗಳಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೇ: ಮಳೆಗೆ ಸಿದ್ಧತೆ

ಪತ್ತನಾಜೆ ಕಳೆದರೆ ಬೇಸಾಯದ ಕಾಲ ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದರು. ಅದಕ್ಕಿಂತ ಮೊದಲೇ ಅಂಗಳದ ತೋಡು, ಚರಂಡಿಗಳನ್ನು ಬಿಡಿಸಬೇಕು. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಬೇಕು. ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ನಾವೇ ಕಡಿಯದೆ ಮೆಸ್ಕಾಂನವರಿಗೆ ತಿಳಿಸಬೇಕು. ತೆಂಗಿನ ಮರದ ತಲೆಯಲ್ಲಿರುವ ಒಣಗಿದ ಮಡಲು, ಕಸ ತೆಗೆಸಿದರೆ ಸುಳಿ ಕೊಳೆಯುವ ರೋಗಕ್ಕೂ ಕುರುವಾಯಿ ಹುಳಕ್ಕೂ ಸ್ವಲ್ಪ ತಡೆಯಾಗುತ್ತದೆ. ನಮ್ಮ ಮುರಕಲ್ಲಿನ ಮಣ್ಣಿಗೆ ಹುಳಿಯ ಗುಣ ಹೆಚ್ಚು. ಮೊದಲ ಹದಮಳೆಗೆ ಸುಣ್ಣ ಹಾಕಿ, ಎರಡು ವಾರ ಬಿಟ್ಟು ಗೊಬ್ಬರ ಕೊಡಬೇಕು. ಎರಡನ್ನೂ ಒಟ್ಟಿಗೆ ಹಾಕಬಾರದು. ಅಡಿಕೆ ಇರುವವರು ಮಳೆ ಹಿಡಿಯುವ ಮೊದಲು ಶೇಕಡಾ 1ರ ಬೋರ್ಡೋ ಮದ್ದು ಬಿಡಿಸಿ, 40–45 ದಿನಗಳ ಬಳಿಕ ಇನ್ನೊಮ್ಮೆ ಬಿಡಿಸಿದರೆ ಕೊಳೆರೋಗ ಹತೋಟಿಗೆ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್: ನೀರು ನಿಲ್ಲಬಾರದು

ಮಳೆಗಾಲದಲ್ಲಿ ಗಿಡ ಸಾಯುವುದು ಹೆಚ್ಚಾಗಿ ಬುಡದಲ್ಲಿ ನೀರು ನಿಂತು. ಕಾಳುಮೆಣಸಿನ ಸೊರಗು ರೋಗಕ್ಕೂ ನಿಂತ ನೀರೇ ದಾರಿ ಮಾಡಿಕೊಡುತ್ತದೆ. ಶಂಕರಪುರದ ಸುತ್ತ ಮಲ್ಲಿಗೆಯನ್ನೇ ನಂಬಿದ ಕುಟುಂಬಗಳು ನಮ್ಮಲ್ಲಿ ಬಹಳ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಳೆಗಾಲದಲ್ಲಿ ಹೂವು ಕಡಿಮೆ. ಆದರೆ ಬುಡಕ್ಕೆ ಮಣ್ಣು ಏರಿಸಿ ನೀರು ಬಸಿದು ಹೋಗುವಂತೆ ಮಾಡದಿದ್ದರೆ ಗಿಡವೇ ಹೋಗುತ್ತದೆ, ಮುಂದಿನ ಬೇಸಿಗೆಯ ಆದಾಯವೂ ಹೋಗುತ್ತದೆ.

ತರಕಾರಿಗೆ ಏರು ಸಾಲು ಮಾಡಬೇಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ಸ್ವಂತ ಹಿತ್ತಲಿನ ತರಕಾರಿ ಬೇಕೆಂದರೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ: ಹೀರೆ, ಪಡವಲ ಜೂನ್‌ನಲ್ಲಿ, ಬೆಂಡೆ ಜುಲೈ ಮೊದಲ ವಾರದೊಳಗೆ, ಹರಿವೆ ಆಗಸ್ಟ್ ಮೊದಲ ವಾರದಲ್ಲಿ. ಹರಿವೆ ಬೀಜ ಬಹಳ ಸಣ್ಣದು. ಮರಳಿನೊಂದಿಗೆ ಬೆರೆಸಿ ಬಿತ್ತಿ, ಮೇಲೆ ತೆಂಗಿನ ಮಡಲು ಅಡ್ಡ ಇಟ್ಟರೆ ಜಡಿಮಳೆಗೆ ಕೊಚ್ಚಿ ಹೋಗದು. ಮೊಳಕೆ ಕಂಡ ಕೂಡಲೇ ಮಡಲು ತೆಗೆಯಬೇಕು. ಮಕ್ಕಳು ಒಂಬತ್ತು ದಿನ ಮಾತೆಗೆ ಅರ್ಪಿಸುವ ಹೂವನ್ನೂ ಪೇಟೆಯಿಂದ ತರಬೇಕಾಗಿಲ್ಲ. ಜೂನ್‌ನಲ್ಲೇ ಅಂಗಳದ ಬದಿಯಲ್ಲಿ ಗೌರಿ ಹೂವಿನ ಬೀಜ ಹಾಕಿದರೆ ಸಾಕು.

ಇನ್ನೊಂದು ಮಾತು. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗ್ಯೂ ಹರಡಿದ್ದನ್ನು ನಾವು ಮರೆಯಬಾರದು. ಸೊಳ್ಳೆಯ ಮೊಟ್ಟೆ ರೆಕ್ಕೆ ಬಂದು ಹಾರಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೆ ಟಯರು, ಅಡಿಕೆ ಹಾಳೆಗಳನ್ನು ವಾರಕ್ಕೊಮ್ಮೆ ಕವುಚಿ ಹಾಕಬೇಕು. ಇದೂ ತೋಟದ ಕೆಲಸವೇ.

ಅಕ್ಟೋಬರ್, ನವೆಂಬರ್: ವರ್ಷದ ಮುಖ್ಯ ಕೆಲಸ

ಮಣ್ಣಿನಲ್ಲಿ ಇನ್ನೂ ಪಸೆ ಇರುವಾಗಲೇ ಅದನ್ನು ಮುಚ್ಚಬೇಕು. ತೆಂಗಿನ ಬುಡದ ಸುತ್ತ ಸುಮಾರು ಆರು ಅಡಿ ದೂರದವರೆಗೆ ಪಾತಿ ಮಾಡಿ, ಹಟ್ಟಿಗೊಬ್ಬರ ಹಾಕಿ, ಮೇಲೆ ತರಗೆಲೆ, ತೆಂಗಿನ ಸಿಪ್ಪೆ ಹರಡಿ. ಸಿಪ್ಪೆಯ ಹೊರಮೈ ಮೇಲಕ್ಕೆ ಇರಲಿ. ಅದು ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ. ಇಷ್ಟು ಬೆಲೆಯುಳ್ಳ ತರಗೆಲೆಯನ್ನು ಗುಡಿಸಿ ಬೆಂಕಿ ಹಚ್ಚುವುದು ಈಗಲೂ ನಡೆಯುತ್ತಿದೆ. ದಯವಿಟ್ಟು ನಿಲ್ಲಿಸೋಣ. ಗುಳ್ಳ ಬದನೆ, ಸೌತೆ, ಅಲಸಂದೆಯ ಎರಡನೇ ಬೆಳೆಗೂ ಇದೇ ಸಮಯ.

ನವೆಂಬರ್ 2ರ ಮೊದಲು ಎಲ್ಲ ಚರ್ಚ್‌ಗಳಲ್ಲೂ ಸಮಾಧಿ ಸ್ಥಳ ಶುಚಿಗೊಳಿಸುತ್ತೇವೆ. ಬೇಗ ಮುಗಿಯಲಿ ಎಂದು ಕಳೆನಾಶಕ ಹೊಡೆಯುವುದು ಬೇಡ. ಸುತ್ತಲೂ ನೆರೆಯವರ ಬಾವಿಗಳಿವೆ. ಕತ್ತಿಯಲ್ಲಿ ಸವರಿದ ಹುಲ್ಲು ಗೊಬ್ಬರದ ಗುಂಡಿಗೆ ಹೋಗಲಿ.

ಡಿಸೆಂಬರ್‌ನಿಂದ ಏಪ್ರಿಲ್: ಹನಿ ಹನಿಗೂ ಲೆಕ್ಕ

ಮಾವು, ಗೇರು ಹೂ ಬಿಡುವ ಈ ಕಾಲದಲ್ಲಿ ಅವುಗಳ ಕೊಂಬೆ ಕಡಿಯಬಾರದು. ನೀರು ಹಾಕುವುದು ಮುಂಜಾನೆ ಅಥವಾ ಸಂಜೆ. ದಿನಾಲೂ ಮೇಲೆ ಮೇಲೆ ಚಿಮುಕಿಸುವ ಬದಲು ದಿನ ಬಿಟ್ಟು ದಿನ ಬುಡ ನೆನೆಯುವಂತೆ ಹಾಕಿದರೆ ಬೇರು ಆಳಕ್ಕೆ ಇಳಿಯುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಒಂದು ಬಸಳೆ ಚಪ್ಪರಕ್ಕೆ ಧಾರಾಳ ಸಾಕು.

ಕೊನೆಗೆ ಚರ್ಚ್ ಸಮಿತಿಗಳಲ್ಲಿ ಒಂದು ವಿನಂತಿ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸುವಾಗ ಮರಗಳ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿಡಿ, ಮಾಡಿನ ನೀರು ಇಳಿಯಲು ಇಂಗುಗುಂಡಿ ತೋಡಿಸಿ. ವಾಳೆಯ ಗುರಿಕಾರರು ಮೇ ತಿಂಗಳ ಸಭೆಯಲ್ಲಿ ಮನೆಗೊಂದು ಮುಷ್ಟಿ ಊರ ತಳಿಯ ಬೀಜ ಹಂಚಿದರೆ, ಸೆಪ್ಟೆಂಬರ್ ಹೊತ್ತಿಗೆ ನೆರೆಹೊರೆಯವರ ನಡುವೆ ತರಕಾರಿಯ ಕೊಡು-ಕೊಳ್ಳುವಿಕೆ ತಾನಾಗಿ ಶುರುವಾಗುತ್ತದೆ.