ಕ್ಲಚ್ಚಿನ ಹಿಂದಿನ ಹದಿನಾರು ಹಲ್ಲು

ಹಳೆಯ ಬುಲೆಟ್‌ನ ಎಡಮಗ್ಗುಲಲ್ಲಿ, ಪಾಲಿಶ್ ಮಾಡಿದ ಅಲ್ಯೂಮಿನಿಯಂ ಕವರಿನ ಒಳಗೆ, ಕ್ಲಚ್ಚಿಗೂ ಹಿಂದೆ ಒಂದು ಪುಟ್ಟ ಹಲ್ಲಿನ ಚಕ್ರವಿದೆ. ಗ್ಯಾರೇಜಿನಲ್ಲಿ ಅದರ ಹೆಸರು ಫ್ರಂಟ್ ಸ್ಪ್ರಾಕೆಟ್. 350 ಸಿಸಿ ಗಾಡಿಯಲ್ಲಿ ಅದಕ್ಕೆ 16 ಹಲ್ಲು, 500 ಸಿಸಿಯದರಲ್ಲಿ 17. ಎಂಜಿನ್ನಿನ ಬಲವೆಲ್ಲ ಗೇರ್‌ಬಾಕ್ಸ್ ದಾಟಿ ಬಂದು ಈ ಹಲ್ಲುಗಳ ಮೂಲಕವೇ ಚೈನಿಗೆ ಇಳಿಯಬೇಕು. ಅದರಲ್ಲೂ ಒಂದು ಹೊತ್ತಿಗೆ ಚೈನು ಸುತ್ತಿಕೊಂಡಿರುವುದು ಸುಮಾರು ಅರ್ಧದಷ್ಟು ಹಲ್ಲುಗಳನ್ನು ಮಾತ್ರ. ಭಾರವಾದ ಗಾಡಿ, ಅದರ ಮೇಲೆ ಇಬ್ಬರು, ಲಗೇಜು, ಎಲ್ಲವನ್ನೂ ಎಂಟು ಹಲ್ಲು ಎಳೆಯುತ್ತಿರುತ್ತವೆ.

ಇಷ್ಟು ಮುಖ್ಯವಾದ ಭಾಗ ಅಷ್ಟು ಒಳಗೆ ಹೋಗಿ ಕೂತದ್ದೇಕೆ? ಕಾರಣ ಗೇರ್‌ಬಾಕ್ಸಿನ ವಿನ್ಯಾಸದಲ್ಲಿದೆ. ಇಂಗ್ಲೆಂಡಿನ ರೆಡಿಚ್‌ನ ರಾಯಲ್ ಎನ್‌ಫೀಲ್ಡ್ ಕಂಪನಿ 1955ರಲ್ಲಿ ಮದ್ರಾಸ್ ಮೋಟರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದಾಗ, ಬುಲೆಟ್ಟಿನ ಜೊತೆಗೆ ಆ ಕಾಲದ ಬ್ರಿಟಿಷ್ ಪದ್ಧತಿಯ ಗೇರ್‌ಬಾಕ್ಸೂ ಇಲ್ಲಿಗೆ ಬಂತು. ಅದರಲ್ಲಿ ಮುಖ್ಯ ಶಾಫ್ಟಿನ ಎಡತುದಿಗೆ ಕ್ಲಚ್ ಕೂರುತ್ತದೆ. ಅದೇ ಶಾಫ್ಟಿನ ಸುತ್ತ, ಕೈಗೆ ಬಳೆ ತೊಡಿಸಿದ ಹಾಗೆ, ಟೊಳ್ಳಾದ ಇನ್ನೊಂದು ಗೇರು ಬೇರೆಯಾಗಿ ತಿರುಗುತ್ತದೆ. ಫ್ರಂಟ್ ಸ್ಪ್ರಾಕೆಟ್ ಇರುವುದು ಆ ಟೊಳ್ಳು ಗೇರಿನ ಮೇಲೆ. ಬಲ ಒಳಗೆ ಹೋಗುವುದೂ ಹೊರಗೆ ಬರುವುದೂ ಒಂದೇ ಮಗ್ಗುಲಿನಿಂದ. ಟಾಪ್ ಗೇರಿನಲ್ಲಿ ಶಾಫ್ಟೂ ಟೊಳ್ಳು ಗೇರೂ ನೇರವಾಗಿ ಕಚ್ಚಿಕೊಂಡು ಒಂದಾಗಿ ತಿರುಗುವುದರಿಂದ ಉಳಿದ ಗೇರುಗಳಲ್ಲಿ ಬಲ ಸಾಗಿಸುವ ಪಕ್ಕದ ಶಾಫ್ಟಿನ ಮೇಲೆ ಹೊರೆಯೇ ಬೀಳುವುದಿಲ್ಲ. ಈ ಸೊಗಸಿಗೆ ತೆರಬೇಕಾದ ಬೆಲೆಯೆಂದರೆ, ಸ್ಪ್ರಾಕೆಟ್ ತಲುಪಬೇಕಾದರೆ ಕ್ಲಚ್ಚನ್ನು ಕಳಚಲೇಬೇಕು. ಹೀರೋ ಹೋಂಡಾ ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಕ್ಲಚ್ ಬಲಗಡೆ, ಸ್ಪ್ರಾಕೆಟ್ ಎಡಗಡೆ. ಅಲ್ಲಿ ಕವರ್ ತೆಗೆದು ಎರಡು ಬೋಲ್ಟು ಬಿಚ್ಚಿ ಚಿಕ್ಕ ಪ್ಲೇಟೊಂದನ್ನು ತಿರುಗಿಸಿದರೆ ಸ್ಪ್ರಾಕೆಟ್ ಕೈಗೆ ಬರುತ್ತದೆ.

ಸ್ಪ್ರಾಕೆಟ್ ಸವೆಯುವ ಬಗೆ ತಿಳಿಯಬೇಕಾದರೆ ಮೊದಲು ಚೈನನ್ನು ನೋಡಬೇಕು. ನಾವು ಇಂದು ಬಳಸುವ ಬುಶ್ ಮತ್ತು ರೋಲರ್ ಇರುವ ಚೈನನ್ನು 1880ರಲ್ಲಿ ರೂಪಿಸಿದವನು ಹಾನ್ಸ್ ರೆನೋಲ್ಡ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಎಂಜಿನಿಯರ್ ಅವನು. ಚೈನಿನ ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಅದರ ಮೇಲೆ ಬುಶ್ಶು, ಅದರ ಮೇಲೆ ಉರುಳುವ ರೋಲರು. ರೋಲರ್ ಉರುಳುವುದರಿಂದ ಹಲ್ಲಿಗೆ ಉಜ್ಜಾಟ ಕಡಿಮೆ. ಆದರೆ ಸ್ಪ್ರಾಕೆಟ್ಟಿನ ಮೇಲೆ ಬಾಗಿ ಮತ್ತೆ ನೆಟ್ಟಗಾಗುವಾಗ ಪಿನ್ನೂ ಬುಶ್ಶೂ ಪ್ರತಿ ಸಲ ತಿಕ್ಕಿಕೊಳ್ಳುತ್ತವೆ. ಅಲ್ಲಿ ಕೂದಲೆಳೆಯಷ್ಟು ಲೋಹ ಸವೆದರೂ ಅಷ್ಟೂ ಕೀಲುಗಳ ಸವೆತ ಸೇರಿ ಚೈನು ಉದ್ದವಾಗುತ್ತದೆ. ಚೈನು ಎಳೆದುಕೊಂಡಿದೆ ಎಂದು ನಾವು ಹೇಳುತ್ತೇವಲ್ಲ, ನಿಜದಲ್ಲಿ ಉಕ್ಕು ಹಿಗ್ಗಿರುವುದಿಲ್ಲ, ಕೀಲುಗಳು ಸವೆದಿರುತ್ತವೆ.

ಬುಲೆಟ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 5/8 ಇಂಚು, ಅಂದರೆ 15.875 ಮಿಲಿಮೀಟರ್. ಹೊಸ ಚೈನಿನ 20 ಕೊಂಡಿ ಅಳೆದರೆ 317.5 ಮಿ.ಮೀ. ಬರಬೇಕು. ಅದು 324ರ ಹತ್ತಿರ ಬಂದಿದ್ದರೆ ಶೇ. 2ರಷ್ಟು ಉದ್ದವಾಗಿದೆ ಎಂದರ್ಥ. ಅಂಥ ಚೈನಿನ ಆಯಸ್ಸು ಮುಗಿದಿದೆ. ಉದ್ದವಾದ ಚೈನಿನ ರೋಲರುಗಳು ಹಲ್ಲಿನ ಬುಡದಲ್ಲಿ ಕೂರದೆ ತುದಿಯ ಕಡೆಗೆ ಏರುತ್ತವೆ. ಹೊರೆಯನ್ನು ಎಲ್ಲ ಹಲ್ಲುಗಳು ಹಂಚಿಕೊಳ್ಳುವ ಬದಲು ಒಂದೆರಡೇ ಹೊರುತ್ತವೆ, ಸವೆದು ಕೊಕ್ಕೆಯ ಆಕಾರಕ್ಕೆ ತಿರುಗುತ್ತವೆ. ಮುಂದಿನ ಸ್ಪ್ರಾಕೆಟ್ಟಿಗೆ ಈ ಗತಿ ಬೇಗ ಬರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದಿನ ಗಾಲಿ ನಿಮಿಷಕ್ಕೆ ಸುಮಾರು 490 ಸುತ್ತು ತಿರುಗಿದರೆ, ಮುಂದಿನ ಸ್ಪ್ರಾಕೆಟ್ 1,100ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಷ್ಟೂ ಸಲ ಅದರ ಒಂದೊಂದು ಹಲ್ಲೂ ಚೈನಿನ ಪೆಟ್ಟು ತಿನ್ನುತ್ತದೆ.

ಹಾಗಾಗಿ ಹಳೆಯ ಚೈನನ್ನೇ ಉಳಿಸಿಕೊಂಡು ಹೊಸ ಸ್ಪ್ರಾಕೆಟ್ ಹಾಕಿಸುವುದು ದುಡ್ಡು ಉಳಿಸುವ ದಾರಿಯಲ್ಲ. ಹೊಸ ಹಲ್ಲುಗಳ ಅಂತರ ಒಂದು, ಸವೆದ ಚೈನಿನ ಅಂತರ ಇನ್ನೊಂದು. ಎರಡೂ ಹೊಂದುವುದಿಲ್ಲ, ಹೊಸದನ್ನು ಹಳೆಯದು ತನ್ನ ಅಳತೆಗೆ ಅರೆದುಬಿಡುತ್ತದೆ. ಕ್ಲಚ್ ಬಿಚ್ಚುವಷ್ಟು ಕೆಲಸ ಇರುವ ಗಾಡಿಯಲ್ಲಂತೂ ಈ ಉಳಿತಾಯ ಬೇಡವೇ ಬೇಡ.

ಇನ್ನು ಎಷ್ಟು ಹಲ್ಲಿನದನ್ನು ಹಾಕಬೇಕು ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಈ ಕೆಲಸದ ತಿರುಳೇ ಇದು. ಹಿಂದಿನ ಸ್ಪ್ರಾಕೆಟ್ಟಿಗೆ 38 ಹಲ್ಲು. ಅದು ಬ್ರೇಕ್ ಡ್ರಮ್ಮಿನ ಜೊತೆ ಒಂದೇ ತುಂಡಾಗಿರುವುದರಿಂದ ಅಲ್ಲಿ ಹಲ್ಲಿನ ಸಂಖ್ಯೆ ಬದಲಿಸುವುದು ಕಷ್ಟ. ಗಾಡಿಯ ಓಟದ ಗುಣ ಬದಲಾಗಬೇಕಾದರೆ ಮುಂದಿನದೇ ಬದಲಾಗಬೇಕು. 16ರ ಜಾಗಕ್ಕೆ 17 ಬಂದರೆ, ಮೊದಲು ಗಂಟೆಗೆ 80 ಕಿ.ಮೀ. ಕೊಡುತ್ತಿದ್ದ ಎಂಜಿನ್ ಅಷ್ಟೇ ಸುತ್ತಿನಲ್ಲಿ 85 ಕಿ.ಮೀ. ಕೊಡುತ್ತದೆ. 18 ಹಾಕಿದರೆ 90. ಹೆದ್ದಾರಿಯಲ್ಲಿ ಎಂಜಿನ್ ನಿರಾಳವಾಗುತ್ತದೆ, ನಡುಕ ತಗ್ಗುತ್ತದೆ. ಆದರೆ ಒಂದು ಹಲ್ಲು ಹೆಚ್ಚಾದರೆ ಹಿಂದಿನ ಗಾಲಿಯ ಎಳೆಯುವ ಶಕ್ತಿ ಪ್ರತಿ ಗೇರಿನಲ್ಲೂ ಸುಮಾರು ಶೇ. 6ರಷ್ಟು ಕಡಿಮೆಯಾಗುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಬ್ಬರು ಕೂತು ಹತ್ತುವಾಗ ಅದು ಗೊತ್ತಾಗುತ್ತದೆ.

17ಕ್ಕೆ ಇನ್ನೊಂದು ಗುಣವಿದೆ. ಚೈನಿನ ಕೊಂಡಿಗಳ ಸಂಖ್ಯೆ ಸಾಮಾನ್ಯವಾಗಿ ಸಮ, ಏಕೆಂದರೆ ಒಳಪಟ್ಟಿಯ ಕೊಂಡಿಗೆ ಹೊರಪಟ್ಟಿಯದೇ ಸೇರಬೇಕು. 100 ಕೊಂಡಿಗಳ ಚೈನು ಎಂದಿಟ್ಟುಕೊಳ್ಳಿ. 16 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಎಷ್ಟು ಸುತ್ತಿದರೂ ಅವೇ 25 ಕೊಂಡಿಗಳನ್ನು ಮತ್ತೆ ಮತ್ತೆ ಸಂಧಿಸುತ್ತದೆ. ಅದರಲ್ಲೂ ಸದಾ ಒಳಪಟ್ಟಿಯವನ್ನೇ, ಇಲ್ಲವೇ ಸದಾ ಹೊರಪಟ್ಟಿಯವನ್ನೇ. ಒಂದು ಕೊಂಡಿಯ ದೋಷ ಅದೇ ಹಲ್ಲುಗಳಲ್ಲಿ ಬೇರೂರುತ್ತದೆ. 17 ಅವಿಭಾಜ್ಯ ಸಂಖ್ಯೆ. ಅದರ ಪ್ರತಿ ಹಲ್ಲೂ ಸರದಿಯಂತೆ ನೂರೂ ಕೊಂಡಿಗಳನ್ನು ಮುಟ್ಟುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಜೊತೆಗೆ, ಚೈನು ಸ್ಪ್ರಾಕೆಟ್ಟಿನ ಮೇಲೆ ವೃತ್ತವಾಗಿ ಅಲ್ಲ, ಬಹುಭುಜವಾಗಿ ಸುತ್ತಿಕೊಳ್ಳುವುದರಿಂದ ಅದರ ವೇಗ ಪ್ರತಿ ಹಲ್ಲಿಗೂ ಚೂರು ಏರಿಳಿಯುತ್ತದೆ. 12 ಹಲ್ಲಿಗೆ ಈ ಏರಿಳಿತ ಶೇ. 3.4, 16ಕ್ಕೆ ಶೇ. 1.9, 17ಕ್ಕೆ ಶೇ. 1.7. ಹಲ್ಲು ಹೆಚ್ಚಿದಷ್ಟೂ ಚೈನಿನ ಓಟ ನಯ. 350 ಸಿಸಿ ಬುಲೆಟ್ಟಿಗೆ ಬಯಲುಸೀಮೆಯ ರಸ್ತೆಗಳೇ ಹೆಚ್ಚಾದರೆ 17 ಹಾಕಿ. ಮಲೆನಾಡಿನಲ್ಲೇ ಓಡುವ ಗಾಡಿಗೆ 16 ಇರಲಿ. 18 ಆ ಎಂಜಿನ್ನಿಗೆ ಹೊರೆ ಎಂದೇ ನನ್ನ ಅಭಿಪ್ರಾಯ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಂಥ ಬಿಡಿಭಾಗ ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಒಳ್ಳೆಯದು. ಹಲ್ಲಿನ ಎಣಿಕೆ, ಹಲ್ಲಿನ ದಪ್ಪ, ನಡುವಿನ ತೋಡುಗಳು, ಸ್ಪ್ರಾಕೆಟ್ಟಿನ ಯಾವ ಮುಖ ಒಳಗಡೆ ಎಂಬುದು, ಎಲ್ಲವೂ ತಾಳೆಯಾಗಬೇಕು.

ಬಿಚ್ಚುವಾಗ ಮೊದಲು ಹೊರಗಿನ ಕವರ್. ಇಷ್ಟು ದೊಡ್ಡ ಕವರನ್ನು ಹಿಡಿದಿರುವುದು ನಡುವಿನ ಒಂದೇ ನಟ್ಟು. ಅದನ್ನು ತೆಗೆದರೆ ಒಳಗಿನ ಆಯಿಲ್ ಸುರಿಯುತ್ತದೆ, ಅಡಿಯಲ್ಲಿ ತಟ್ಟೆ ಇಟ್ಟಿರಬೇಕು. ಆಮೇಲೆ ಕರೆಂಟ್ ಹುಟ್ಟಿಸುವ ಸ್ಟೇಟರ್ ಮತ್ತು ರೋಟರ್, ಕ್ಲಚ್ ಪ್ಲೇಟುಗಳು. ಎಂಜಿನ್ ಸ್ಪ್ರಾಕೆಟ್, ಕ್ಲಚ್ ಮತ್ತು ಅವನ್ನು ಜೋಡಿಸಿರುವ ಒಳಚೈನು ಮೂರೂ ಒಟ್ಟಿಗೆ ಹೊರಬರಬೇಕು. ಒಂದನ್ನೇ ಎಳೆಯಲು ಹೋದರೆ ಉಳಿದವು ಬಿಡುವುದಿಲ್ಲ. ಒಳಕವರೂ ಹೋದ ಮೇಲೆ ಸ್ಪ್ರಾಕೆಟ್ ಕಾಣುತ್ತದೆ. ಅದರ ನಟ್ಟನ್ನು ಸಡಿಲಿಸುವ ತನಕ ಹಿಂದಿನ ಚೈನನ್ನು ಕಳಚಬಾರದು. ಚೈನು ಇದ್ದರೆ ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದಾಗ ಸ್ಪ್ರಾಕೆಟ್ಟೂ ಅಲುಗದೆ ನಿಲ್ಲುತ್ತದೆ, ಪಾನಾಕ್ಕೆ ಬಲ ಸಿಗುತ್ತದೆ. ಪಾನಾ ಹಾಕುವ ಮುಂಚೆ ಎರಡು ವಿಷಯ ನೋಡಬೇಕು: ನಟ್ಟಿನ ಲಾಕ್ ಬಿಡಿಸಿದೆಯೇ, ಅದರ ಥ್ರೆಡ್ ಯಾವ ಕಡೆಗೆ ತಿರುಗುತ್ತದೆ. ಕೆಲವು ಗಾಡಿಗಳಲ್ಲಿ ಥ್ರೆಡ್ ಉಲ್ಟಾ ಇರುತ್ತದೆ. ತಿಳಿಯದೆ ಬಲ ಹಾಕಿದರೆ ನಟ್ಟು ಇನ್ನೂ ಬಿಗಿಯುತ್ತದೆ. ಸ್ಪ್ರಾಕೆಟ್ ಹೊರಬಂದಾಗ ಅದರ ಹಿಂದಿನ ಆಯಿಲ್ ಸೀಲನ್ನೂ ಬದಲಿಸಿಬಿಡಬೇಕು. ಅದೊಂದಕ್ಕಾಗಿ ಮತ್ತೆ ಇಷ್ಟೆಲ್ಲ ಬಿಚ್ಚುವ ಕಷ್ಟ ಯಾರಿಗೂ ಬೇಡ.

ಜೋಡಿಸುವಾಗ ನಟ್ಟಿನ ಲಾಕ್ ಮರೆಯಬಾರದು. ರೋಟರಿಗೂ ಸ್ಟೇಟರಿಗೂ ನಡುವಿನ ಸಂದು ಸುತ್ತಲೂ ಸಮವಾಗಿದೆಯೇ ಎಂದು ಫೀಲರ್ ಗೇಜ್ ತೂರಿಸಿ ನೋಡಬೇಕು. ಒಂದು ಕಡೆ ತಾಗಿದರೂ ಎರಡೂ ಹಾಳು. ಚೈನ್ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಬೇಕು. ಹೊಸ ಸ್ಪ್ರಾಕೆಟ್ ದೊಡ್ಡದಾಗಿದ್ದರೆ ಹಿಂದಿನ ಗಾಲಿ ತುಸು ಮುಂದೆ ಸರಿಯುತ್ತದೆ. ಆಗ ಚೈನಿನ ಸಡಿಲ, ಗಾಲಿಯ ನೇರ, ಬ್ರೇಕ್ ರಾಡು ಮೂರನ್ನೂ ಮತ್ತೆ ಹೊಂದಿಸಬೇಕು. ಚೈನು ಎಲ್ಲ ಕಡೆ ಒಂದೇ ಸಮ ಬಿಗಿಯಾಗಿರುವುದಿಲ್ಲ, ಆದ್ದರಿಂದ ಗಾಲಿಯನ್ನು ನಿಧಾನ ತಿರುಗಿಸಿ ಅತಿ ಬಿಗಿಯಾದ ಜಾಗದಲ್ಲೇ ಸಡಿಲವನ್ನು ಅಳೆಯಬೇಕು. ಹೊಸ ಚೈನು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಬೇಗ ಸಡಿಲವಾಗುತ್ತದೆ. ಆಗ ಇನ್ನೊಮ್ಮೆ ಅಳೆದು ಬಿಗಿಸಿಕೊಳ್ಳಬೇಕು.