ಮುಚ್ಚಳಿಕೆಯ ಬಲೆ: ಜಿಪಿಎಲ್ ಹೆಸರಿನಲ್ಲಿ ಹಣ ಕೇಳುವ ದಾವೆಗಳು

ಮನೆಯ ವೈಫೈ ರೌಟರ್, ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸ್, ಇಂಥವುಗಳ ಒಳಗೆ ಸಾಮಾನ್ಯವಾಗಿ ಇರುವುದು ಲಿನಕ್ಸ್ ಕರ್ನಲ್. ಅದನ್ನು ಯಾರು ಬೇಕಾದರೂ ಬಳಸಬಹುದು, ಮಾರುವ ಸಾಧನದಲ್ಲಿ ಹಾಕಬಹುದು. ಆದರೆ ಅದರ ಲೈಸೆನ್ಸಾದ ಜಿಪಿಎಲ್ ಎರಡನೇ ಆವೃತ್ತಿಯ ಷರತ್ತು ಪಾಲಿಸಬೇಕು: ಕೊಂಡವರಿಗೆ ಲೈಸೆನ್ಸಿನ ಪ್ರತಿ ಕೊಡಬೇಕು, ಸೋರ್ಸ್ ಕೋಡನ್ನು ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದಾಗ ಕೊಡುತ್ತೇವೆಂದು ಬರೆದುಕೊಡಬೇಕು.

ಷರತ್ತು ಮುರಿದವರನ್ನು ಪ್ರಶ್ನಿಸುವುದು ನ್ಯಾಯವೇ. 2003ರಲ್ಲಿ ಲಿಂಕ್‌ಸಿಸ್ ಕಂಪನಿ ಇಂಥ ಒತ್ತಡಕ್ಕೆ ಮಣಿದು ತನ್ನ ರೌಟರ್‌ನ ಕೋಡ್ ಬಿಡುಗಡೆ ಮಾಡಿದ್ದರಿಂದಲೇ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ರೌಟರ್ ತಂತ್ರಾಂಶ ಹುಟ್ಟಿತು. ಕರ್ನಲ್‌ನ ಫೈರ್‌ವಾಲ್ ಭಾಗವಾದ ನೆಟ್‌ಫಿಲ್ಟರನ್ನು ಬರೆಯುವ ತಂಡದ ಹರಾಲ್ಡ್ ವೆಲ್ಟೆ 2004ರಲ್ಲಿ ಮ್ಯೂನಿಕ್ ಕೋರ್ಟಿನಿಂದ ತಡೆಯಾಜ್ಞೆ ತಂದಾಗ ಜಿಪಿಎಲ್‌ಗೆ ಕಾನೂನಿನ ಬಲವಿದೆಯೆಂದು ಖಾತ್ರಿಯಾಯಿತು. ಇಂಥ ಹೋರಾಟದಿಂದ ಬಳಕೆದಾರರಿಗೆ ಕೋಡ್ ಸಿಗುತ್ತದೆ. ದುರುಪಯೋಗ ಶುರುವಾಗುವುದು ಕೋಡ್ ಕೇಳುವುದನ್ನು ಬಿಟ್ಟು ಹಣ ಕೇಳಿದಾಗ.

ಅದಕ್ಕೆ ದಾರಿ ಮಾಡಿಕೊಟ್ಟದ್ದು ಮೂರು ಸಂಗತಿಗಳು. ಕರ್ನಲ್‌ಗೆ ಒಬ್ಬ ಒಡೆಯನಿಲ್ಲ; ಸಾವಿರಾರು ಜನ ಬರೆದದ್ದು, ತಾನು ಬರೆದ ಭಾಗದ ಕೃತಿಸ್ವಾಮ್ಯ ಅವರವರದೇ. ಹಾಗಾಗಿ ಉಳಿದವರಿಗೆ ಇಷ್ಟವಿರಲಿ ಬಿಡಲಿ, ಒಬ್ಬನೇ ದಾವೆ ಹೂಡಲು ಹೊರಡಬಹುದು. ಎರಡನೆಯದು ಜಿಪಿಎಲ್ ಎರಡನೇ ಆವೃತ್ತಿಯ ನಾಲ್ಕನೇ ಕಲಂ: ಷರತ್ತು ಮುರಿದ ಕ್ಷಣವೇ ಹಕ್ಕು ತಾನಾಗಿ ರದ್ದು, ಸರಿಪಡಿಸಿಕೊಳ್ಳಲು ಗಡುವಿಲ್ಲ.

ಮೂರನೆಯದು ಜರ್ಮನಿಯ ಪದ್ಧತಿ. ಅಲ್ಲಿ ಮೊದಲು ವಕೀಲರ ನೋಟಿಸು ಬರುತ್ತದೆ. ತಪ್ಪು ತಿದ್ದಿಕೊಂಡೆವು ಎಂದರೆ ಸಾಲದು. ಮತ್ತೆ ಮಾಡಿದರೆ ದಂಡ ತೆರುತ್ತೇವೆಂದು ಮುಚ್ಚಳಿಕೆ ಬರೆದುಕೊಡಬೇಕು. ಆ ದಂಡ ಹೋಗುವುದು ಸರ್ಕಾರಕ್ಕಲ್ಲ, ನೋಟಿಸು ಕಳಿಸಿದವನಿಗೆ. ಮೊದಲ ನೋಟಿಸಿನಲ್ಲಿ ಕೇಳುವ ಮೊತ್ತ ಸಣ್ಣದಾದ್ದರಿಂದ ಕಂಪನಿ ಸಹಿ ಹಾಕಿ ಕೈತೊಳೆದುಕೊಳ್ಳುತ್ತದೆ. ಕೆಲವು ತಿಂಗಳ ಮೇಲೆ ಎರಡನೇ ಪತ್ರ: ಇನ್ನೊಂದು ಮಾದರಿಯಲ್ಲಿ ಲೈಸೆನ್ಸ್ ಪ್ರತಿ ಇಲ್ಲ, ಕೊಟ್ಟ ಕೋಡ್ ಪೂರ್ತಿಯಾಗಿಲ್ಲ. ಈಗ ಅದು ಬರೀ ಕೃತಿಸ್ವಾಮ್ಯದ ತಕರಾರಲ್ಲ, ಕರಾರು ಮುರಿದದ್ದು. ಮೊತ್ತ ಏರುತ್ತದೆ. ಚಿಪ್ ತಯಾರಕರಿಂದ ಬಂದ ಫರ್ಮ್‌ವೇರನ್ನು ಹಾಗೇ ತುಂಬಿ ಮಾರುವ ಕಂಪನಿಗೆ ಒಳಗೇನಿದೆಯೆಂದೇ ಗೊತ್ತಿರುವುದಿಲ್ಲ, ಆದ್ದರಿಂದ ಮತ್ತೊಂದು ತಪ್ಪು ಸಿಗುವುದು ಕಷ್ಟವಲ್ಲ.

ಈ ಚರ್ಚೆಯ ಕೇಂದ್ರಕ್ಕೆ ಬಂದದ್ದು ನೆಟ್‌ಫಿಲ್ಟರ್ ತಂಡದ ಹಿಂದಿನ ಮುಖ್ಯಸ್ಥ ಪ್ಯಾಟ್ರಿಕ್ ಮೆಕ್‌ಹಾರ್ಡಿ ಅವರ ಪ್ರಕರಣಗಳು. ಲೈಸೆನ್ಸ್ ಜಾರಿಗೆ ಅವರು ಅನುಸರಿಸಿದ ಕ್ರಮಗಳ ಬಗ್ಗೆ ಗಂಭೀರ ಆರೋಪ ಬಂದಾಗ, 2016ರಲ್ಲಿ ತಂಡವೇ ಅವರನ್ನು ಅಮಾನತುಗೊಳಿಸಿತು. 2018ರ ಮಾರ್ಚ್‌ನಲ್ಲಿ ಕೊಲೋನ್‌ನ ಮೇಲ್ಮನವಿ ಕೋರ್ಟಿನಲ್ಲಿ ಜೆನಿಯಾಟೆಕ್ ಕಂಪನಿ ಅವರಿಗೆ ಎದುರು ನಿಂತಿತು. ವಿಚಾರಣೆ ತಮ್ಮ ಪರವಾಗಿ ಸಾಗದಿದ್ದಾಗ ಮೆಕ್‌ಹಾರ್ಡಿ ಅರ್ಜಿ ಹಿಂತೆಗೆದುಕೊಂಡರು. ಒಂದು ಕಂಪನಿಯಾದರೂ ಸದ್ದಿಲ್ಲದೆ ಹಣ ಕೊಟ್ಟು ಮುಗಿಸದೆ ನಿಂತದ್ದು ಮುಖ್ಯ ಎಂದು ನಾನು ನಂಬುತ್ತೇನೆ. ಗುಟ್ಟಿನ ರಾಜಿಗಳೇ ಇಂಥ ವಸೂಲಿಯ ಜೀವಾಳ.

ಸಮುದಾಯವೂ ಸುಮ್ಮನಿರಲಿಲ್ಲ. ದಾವೆ ಕೊನೆಯ ದಾರಿಯಾಗಬೇಕು, ಹಣಕ್ಕಿಂತ ಪಾಲನೆ ಮುಖ್ಯ ಎಂಬ ತತ್ವಗಳನ್ನು ಸಾಫ್ಟ್‌ವೇರ್ ಫ್ರೀಡಮ್ ಕನ್ಸರ್ವೆನ್ಸಿ ಮತ್ತು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2015ರಲ್ಲೇ ಪ್ರಕಟಿಸಿದ್ದವು. 2017ರ ಅಕ್ಟೋಬರ್‌ನಲ್ಲಿ ಅನೇಕ ಕರ್ನಲ್ ಅಭಿವರ್ಧಕರು ಒಂದು ಹೇಳಿಕೆಗೆ ಸಹಿ ಹಾಕಿ, ಜಿಪಿಎಲ್ ಮೂರನೇ ಆವೃತ್ತಿಯ ಗಡುವನ್ನು ತಮ್ಮ ಕೋಡಿಗೂ ಅನ್ವಯಿಸಿದರು: ಮೊದಲ ಸಲ ತಪ್ಪಿದವರು ನೋಟಿಸು ತಲುಪಿದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಮರಳಿ ಬರುತ್ತದೆ. ಅದೇ ವರ್ಷ ರೆಡ್ ಹ್ಯಾಟ್, ಐಬಿಎಂ, ಗೂಗಲ್, ಫೇಸ್‌ಬುಕ್ ಇಂಥದೇ ಭರವಸೆ ಕೊಟ್ಟವು. ಆದರೆ ಸಹಿ ಹಾಕದವರನ್ನು ಇದು ಕಟ್ಟಿಹಾಕುವುದಿಲ್ಲ. ಮೆಕ್‌ಹಾರ್ಡಿ ವಿರುದ್ಧ ನೆಟ್‌ಫಿಲ್ಟರ್ ತಂಡ ಕೋರ್ಟಿಗೇ ಹೋಗಬೇಕಾಯಿತು. 2022ರ ಜನವರಿಯಲ್ಲಿ ಪ್ರಕಟವಾದ ರಾಜಿಯ ಪ್ರಕಾರ, ಆ ಯೋಜನೆಯ ಕೋಡ್ ಬಗ್ಗೆ ಕಾನೂನು ಕ್ರಮಕ್ಕೆ ಸಕ್ರಿಯ ಸದಸ್ಯರ ಬಹುಮತ ಬೇಕು.

ಬೆಂಗಳೂರಿನಲ್ಲಿ ತಯಾರಾದ ಸಾಧನ ಜರ್ಮನಿಯಲ್ಲಿ ಮಾರಾಟವಾದರೆ ಅಲ್ಲಿಂದಲೂ ಇಂಥ ನೋಟಿಸು ಬರಬಹುದು. ಬಂದರೆ ಕಡೆಗಣಿಸಬಾರದು, ಎದುರು ಪಕ್ಷವನ್ನು ಕೇಳದೆಯೇ ಕೋರ್ಟು ತಡೆಯಾಜ್ಞೆ ಕೊಡಬಹುದು. ಜೊತೆಗಿಟ್ಟ ಮುಚ್ಚಳಿಕೆಗೆ ಹಾಗೇ ಸಹಿ ಹಾಕಲೂಬಾರದು. ಅಲ್ಲಿನ ವಕೀಲರಿಂದ ಅದನ್ನು ತಿದ್ದಿಸಿ, ನಿರ್ದಿಷ್ಟ ಮಾದರಿಗೆ ಸೀಮಿತಗೊಳಿಸಬಹುದು. ದಂಡದ ಮೊತ್ತವನ್ನು ಮೊದಲೇ ನಿಗದಿ ಮಾಡದೆ, ಅದು ನ್ಯಾಯವಾಗಿದೆಯೇ ಎಂದು ಕೋರ್ಟು ಪರಿಶೀಲಿಸುವಂತೆ ಬರೆಸಬಹುದು. ಎಲ್ಲಕ್ಕಿಂತ ಮೊದಲು, ಚಿಪ್ ಖರೀದಿಯ ಕರಾರಿನಲ್ಲೇ ಪೂರ್ತಿ ಸೋರ್ಸ್ ಕೋಡ್ ಕೊಡಬೇಕೆಂಬ ಷರತ್ತು ಸೇರಿಸಿ, ಕೈಗೆ ಬಂದದ್ದರಿಂದ ಫರ್ಮ್‌ವೇರ್ ನಿಜವಾಗಿಯೂ ಬಿಲ್ಡ್ ಆಗುತ್ತದೆಯೇ ಎಂದು ನೋಡಿಕೊಳ್ಳಬೇಕು.