ಬೇರೆ ಸಿಮ್ ಒಪ್ಪದ ಮೊಬೈಲ್: ಬೀಗ ತೆಗೆಸುವ ಮುನ್ನ ತಿಳಿದಿರಲಿ

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಧೊಂಡೆನ್‌ಲಿಂಗ್ ಟಿಬೆಟನ್ ವಸತಿ ಇದೆ. ಭಾರತ ಮತ್ತು ನೇಪಾಳದಲ್ಲಿದ್ದ ಸಾವಿರ ಮಂದಿ ಟಿಬೆಟನ್ನರಿಗೆ ವಲಸೆ ವೀಸಾ ನೀಡುವ ಕಾನೂನನ್ನು ಅಮೆರಿಕವು 1990ರಲ್ಲಿ ಮಾಡಿದ ನಂತರ ಇಂತಹ ವಸತಿಗಳ ನಂಟು ಸಾಗರದಾಚೆಗೂ ಹಬ್ಬಿತು. ವಿದೇಶದಲ್ಲಿ ಬಂಧುಗಳಿರುವ ಯಾವುದೇ ಮನೆಯಂತೆ ಇಲ್ಲಿಯೂ ಎದುರಾಗಬಹುದಾದ ಸಮಸ್ಯೆಯೊಂದಿದೆ. ಪ್ರೀತಿಯಿಂದ ತಂದುಕೊಟ್ಟ ದುಬಾರಿ ಮೊಬೈಲಿಗೆ ನಮ್ಮ ಸಿಮ್ ಹಾಕಿದರೆ ಅದು ಒಪ್ಪುವುದೇ ಇಲ್ಲ!

ಸೆಟ್ ಕೆಟ್ಟಿಲ್ಲ, ಅದಕ್ಕೆ ಬೀಗ ಬಿದ್ದಿದೆ ಅಷ್ಟೇ.

ಬೀಗ ಕೆಲಸ ಮಾಡುವ ಬಗೆ

ಪ್ರತಿಯೊಂದು ಸಿಮ್‌ನಲ್ಲಿಯೂ ಚಂದಾದಾರನನ್ನು ಗುರುತಿಸುವ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು, ನಂತರದ ಎರಡು ಅಥವಾ ಮೂರು ಅಂಕಿಗಳು ಕಂಪನಿಯನ್ನು ಸೂಚಿಸುತ್ತವೆ. ಭಾರತದ ಸಂಕೇತ 404 ಮತ್ತು 405. ಅಮೆರಿಕದ್ದು 310ರಿಂದ ಆರಂಭವಾಗುತ್ತದೆ. ಬೀಗವಿರುವ ಮೊಬೈಲ್ ಈ ಅಂಕಿಗಳನ್ನು ತನಗೆ ಅನುಮತಿ ಇರುವ ಕಂಪನಿಯ ಸಂಕೇತದೊಂದಿಗೆ ಹೋಲಿಸಿ ನೋಡುತ್ತದೆ. ತಾಳೆಯಾಗದಿದ್ದರೆ ಸಿಮ್ ಅನ್ನು ತಿರಸ್ಕರಿಸುತ್ತದೆ.

ಸೆಟ್ ಅನ್ನು ಕಡಿಮೆ ಬೆಲೆಗೆ ಅಥವಾ ಕಂತಿನಲ್ಲಿ ಕೊಟ್ಟ ಕಂಪನಿಯು ಗ್ರಾಹಕ ಬೇರೆಡೆಗೆ ಹೋಗದಂತೆ ಮಾಡಿಕೊಂಡ ಏರ್ಪಾಡು ಇದು.

ನಮ್ಮಲ್ಲಿಯೂ ಇದೆ

ಭಾರತದಲ್ಲಿ ಹೆಚ್ಚಿನ ಮೊಬೈಲ್‌ಗಳು ಪೂರ್ಣ ಬೆಲೆಗೆ, ಬೀಗವಿಲ್ಲದೆ ಮಾರಾಟವಾಗುತ್ತವೆ. ಆದರೆ ಅಪವಾದಗಳೂ ಉಂಟು. 2003ರಲ್ಲಿ ಮನೆಮಾತಾದ ರಿಲಯನ್ಸ್‌ನ ಸಿಡಿಎಂಎ ಸೆಟ್‌ಗಳು ಆ ಜಾಲಕ್ಕಷ್ಟೇ ಸೀಮಿತವಾಗಿದ್ದವು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಸೆಟ್‌ಗಳು ಜಿಯೋ ಸಿಮ್‌ಗೆ ಮಾತ್ರ ಮೀಸಲು.

2011ರ ಜನವರಿ 20ರಂದು ದೇಶದಾದ್ಯಂತ ಜಾರಿಗೆ ಬಂದ ನಂಬರ್ ಪೋರ್ಟಬಿಲಿಟಿಯಿಂದ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸಬಹುದು. ಆದರೆ ಅದರಿಂದ ಸೆಟ್‌ನ ಬೀಗ ತೆರೆಯುವುದಿಲ್ಲ. ಎಲ್ಲ ಕಂಪನಿಗಳ ಸಿಗ್ನಲ್ ಸಮನಾಗಿ ದೊರೆಯದ ಕಾಡಂಚಿನ ಊರುಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಟವರ್ ಇರುವ ಕಂಪನಿಯ ಸಿಮ್ ಕೊಂಡರೂ ಕೈಯಲ್ಲಿರುವ ಸೆಟ್ ಅದನ್ನು ಒಪ್ಪದಿದ್ದರೆ ಪ್ರಯೋಜನವೇನು?

ಸರಿಯಾದ ಮಾರ್ಗ

ಬೀಗ ತೆಗೆಸಲು ಅದನ್ನು ಹಾಕಿದ ಕಂಪನಿಯನ್ನೇ ಕೇಳುವುದು ಕ್ಷೇಮ. ಕಂತು, ಬಾಕಿ ತೀರಿರಬೇಕು. ಕೆಲವು ಕಂಪನಿಗಳಲ್ಲಿ ನಿಗದಿತ ದಿನಗಳೂ ಕಳೆದಿರಬೇಕು. *#06# ಒತ್ತಿದರೆ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಕೊಡಬೇಕು. ಕೆಲವು ಸೆಟ್‌ಗಳಿಗೆ ಕಂಪನಿ ಕೋಡ್ ನೀಡುತ್ತದೆ. ತಪ್ಪು ಕೋಡ್‌ಗಳನ್ನು ಪದೇ ಪದೇ ಒತ್ತಿದರೆ ಬೀಗ ಶಾಶ್ವತವಾಗಬಹುದು. ಐಫೋನ್‌ಗೆ ಕೋಡ್ ಇಲ್ಲ. ಕಂಪನಿ ಅನುಮತಿಸಿದ ಮೇಲೆ ಆಪಲ್‌ನ ದಾಖಲೆಯಲ್ಲಿಯೇ ಬದಲಾವಣೆಯಾಗುತ್ತದೆ. ಸೆಟ್ಟಿಂಗ್ಸ್‌ನ ಜನರಲ್, ಅಬೌಟ್ ವಿಭಾಗದಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಬೀಗವಿಲ್ಲವೆಂದು ಅರ್ಥ.

ಗ್ರಾಹಕರು ಬೀಗ ತೆಗೆಸಿಕೊಳ್ಳಲು ಅವಕಾಶ ನೀಡುವ ಕಾಯ್ದೆಗೆ ಅಮೆರಿಕದಲ್ಲಿ 2014ರ ಆಗಸ್ಟ್‌ನಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದರು. ಕೆನಡಾ 2017ರ ಡಿಸೆಂಬರ್‌ನಿಂದ, ಬ್ರಿಟನ್ 2021ರ ಡಿಸೆಂಬರ್‌ನಿಂದ ಬೀಗವಿರುವ ಹೊಸ ಸೆಟ್‌ಗಳ ಮಾರಾಟವನ್ನೇ ನಿಲ್ಲಿಸಿದವು.

ಎಚ್ಚರಿಕೆ

ಬೀಗ ತೆಗೆಯುವುದೇ ಬೇರೆ, ಐಎಂಇಐ ಬದಲಿಸುವುದೇ ಬೇರೆ. ಎರಡನೆಯದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಂತೆ ಅದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬಳಸಿದ ಸೆಟ್ ಕೊಳ್ಳುವವರು ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳುಹಿಸಿ ವಿವರ ಪರಿಶೀಲಿಸುವುದು ಒಳ್ಳೆಯದು.

ಬೀಗ ತೆರೆದರೂ ಸೆಟ್ ನಮ್ಮ ತರಂಗಾಂತರಗಳಿಗೆ ಹೊಂದಬೇಕು. ಜಿಯೋಗಾದರೆ ಅದು ಇಲ್ಲಿನ ವೋಲ್ಟಿ ಕರೆಯನ್ನೂ ಬೆಂಬಲಿಸಬೇಕು.

ಸಾಮಾನ್ಯವಾಗಿ ಖಾತೆದಾರರ ಕೋರಿಕೆ, ಲೆಕ್ಕದ ವಿವರಗಳನ್ನೇ ಕಂಪನಿ ನೋಡುವುದರಿಂದ, ವಿದೇಶದಿಂದ ಬರುವ ಬಂಧುಗಳು ವಿಮಾನ ಹತ್ತುವ ಮೊದಲೇ ಬೀಗ ತೆಗೆಸಿಕೊಂಡು ಬರುವುದು ಜಾಣತನ. ಇಲ್ಲಿಗೆ ಬಂದ ಮೇಲೆ ಅಂಗಡಿಯಿಂದ ಅಂಗಡಿಗೆ ಅಲೆಯುವುದು ತಪ್ಪುತ್ತದೆ.